ಗುಬ್ಬಿ ಅಳತೆಯ ಪಾರ್ಕು

ಸೋಮವಾರ, ಸಂಜೆ

ಅಕ್ಕ,

ಪಾರ್ಕು ಮಾಡಿದ ಮಕ್ಕಳನ್ನೇ ಪಾರ್ಕಿನೊಳಗೆ ಬಿಡುತ್ತಿಲ್ಲ. ಇದು ಅನ್ಯಾಯ, ಇದಕ್ಕೆ ಬೇರೆ ಹೆಸರಿಲ್ಲ. ಮೊದಲು ಇದನ್ನೇ ಬರೆದುಬಿಟ್ಟೆ. ಕ್ಷೇಮಸಮಾಚಾರದಿಂದ ಶುರು ಮಾಡಿದರೆ ನೀನು ಅರ್ಧ ಓದಿ ಮಡಚಿ ದಿಂಬಿನ ಕೆಳಗೆ ಇಟ್ಟುಬಿಡುತ್ತೀಯ, ನನಗೆ ಗೊತ್ತು.

ಈಗ ನಮಸ್ಕಾರ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ಬರೆಯಲಿಲ್ಲ, ಬೈದುಕೋ. ಪ್ರೆಸ್ಸಿನಲ್ಲಿ ಕೆಲಸ ಜಾಸ್ತಿ ಅಂತ ಬರೆಯಬಹುದಿತ್ತು. ನಿಜವೇನೆಂದರೆ ಬರೆಯಲು ಕೂತಾಗಲೆಲ್ಲ ಎರಡು ಸಾಲಿಗೇ ಸುದ್ದಿ ಮುಗಿದುಹೋಗುತ್ತಿತ್ತು. ಒಬ್ಬಳೇ ಇರುವ ಮನೆಯಲ್ಲಿ ಏನು ತಾನೇ ನಡೆಯುತ್ತದೆ? ಬೆಳಿಗ್ಗೆ ಇಟ್ಟ ಲೋಟ ಸಂಜೆ ಬಂದರೂ ಇಟ್ಟಲ್ಲೇ ಇರುತ್ತದೆ. ಕೆಳಗಿನ ಮನೆ ಓನರಮ್ಮ ಆಗಾಗ ಮೆಟ್ಟಿಲ ಮೇಲೆ ನಿಂತು, "ಏನಮ್ಮ, ಇದ್ದೀಯೋ ಇಲ್ವೋ ಗೊತ್ತೇ ಆಗಲ್ಲ. ಆ ಹುಡುಗ ಇದ್ದಾಗ ನಮ್ಮ ಸೀಲಿಂಗ್ ಉದುರೋದು" ಅನ್ನುತ್ತಾರೆ. ಆಗ ದಿನಾ ಜಗಳಕ್ಕೆ ಬರುತ್ತಿದ್ದವರೂ ಅವರೇ.

ಆಸ್ಪತ್ರೆಯ ಲಾಂಡ್ರಿಯಲ್ಲಿ ಈಗಲೂ ಬಿಸಿನೀರಿಗೆ ನಿನ್ನ ಕೈ ಸುಲಿಯುತ್ತದೆಯೇ? ಕೈಗವಸು ಕೊಡುವುದು ಅವರ ಉಪಕಾರವಲ್ಲ, ನಿಮ್ಮ ಹಕ್ಕು. ಎಲ್ಲರೂ ಸೇರಿ ಕೇಳಿ. ಒಬ್ಬೊಬ್ಬರೇ ಕೇಳಿದರೆ ಗೊಣಗಾಟ ಅನ್ನುತ್ತಾರೆ. ನಗಬೇಡ. ಗುಬ್ಬಿಗೆ ಅಲ್ಲಿನ ಶಾಲೆಯೂ ನಿನ್ನ ಕೋಣೆಯೂ ಈಗ ಪೂರ್ತಿ ಒಗ್ಗಿವೆ ಅಂತ ನೀನು ಬರೆದಿದ್ದೆ. ಸಂತೋಷ.

ಪಾರ್ಕಿನ ವಿಷಯ ಗುಬ್ಬಿ ಹೇಳಿರುತ್ತಾನೆ, ಆದರೆ ತಲೆಬುಡ ಬಿಟ್ಟು ಹೇಳಿರುತ್ತಾನೆ. ನಾನು ಸರಿಯಾಗಿ ಹೇಳುತ್ತೇನೆ.

ನಮ್ಮ ಬೀದಿಯ ಹಿಂದೆ ಇಟ್ಟಿಗೆ ಚೂರು, ಮುರಿದ ಕೈಗಾಡಿ ತುಂಬಿದ ಖಾಲಿ ಜಾಗವಿತ್ತಲ್ಲ, ಅಲ್ಲಿ ಪಾರ್ಕು ಮಾಡುತ್ತೇವೆ ಅಂತ ಮೂರು ವರ್ಷದ ಹಿಂದೆ ಪುರಸಭೆಯವರು ನಕ್ಷೆ ಅಂಟಿಸಿದ್ದರು. ನಡುವೆ ಕಾರಂಜಿ, ಸುತ್ತ ಹುಲ್ಲು, ಹುಲ್ಲಿನ ಮೇಲೆ ಕಾಲಿಡಬಾರದು ಅನ್ನುವ ಫಲಕ. ಮಕ್ಕಳಿಗೆ ಅಂತ ಹೆಸರು, ಮಕ್ಕಳು ಕಾಲಿಡಲು ಜಾಗವಿಲ್ಲ. ಅದೇ ವಾರ ಪ್ರೆಸ್ಸಿನಲ್ಲಿ ನಾನು ಒಂದು ಕರಪತ್ರ ಮಡಿಸುತ್ತಿದ್ದೆ. ಮಕ್ಕಳು ನಾಳಿನ ಪ್ರಜೆಗಳಲ್ಲ, ಇವತ್ತಿನ ಪ್ರಜೆಗಳು. ಅವರ ಜಾಗವನ್ನು ಅವರನ್ನು ಕೇಳಿ ಕಟ್ಟಿ ಅಂತ ಅದರಲ್ಲಿ ಇತ್ತು. ನಿಂತಲ್ಲೇ ಓದಿದೆ. ಪ್ರೆಸ್ಸಿನ ಯಜಮಾನರು, "ಓದೋಕಲ್ಲಮ್ಮ ನಿನ್ನ ಕೆಲಸಕ್ಕಿಟ್ಕೊಂಡಿರೋದು, ಮಡಿಸೋಕೆ" ಅಂದರು. ನನ್ನ ವಿದ್ಯಾಭ್ಯಾಸವೆಲ್ಲ ಆಗಿರುವುದು ಹೀಗೆ, ಯಜಮಾನರು ಬೆನ್ನು ತಿರುಗಿಸಿದಾಗ.

ಮುಂದಿನ ಭಾನುವಾರ ಬೀದಿಯ ಮಕ್ಕಳನ್ನೆಲ್ಲ ಆ ಜಾಗಕ್ಕೆ ಕರೆದುಕೊಂಡು ಹೋದೆ. ಕಾಗದ ಕೊಟ್ಟರೆ ಎಲ್ಲರೂ ಅರಮನೆ, ವಿಮಾನ ಬರೆದರು. ಕಾಗದ ಕಿತ್ತುಕೊಂಡು ಸೀಮೆಸುಣ್ಣ ಕೊಟ್ಟೆ. ಏನು ಬೇಕೋ ಅದನ್ನು ನೆಲದ ಮೇಲೆ, ಅದು ಎಷ್ಟು ದೊಡ್ಡದಿರಬೇಕೋ ಅಷ್ಟೇ ದೊಡ್ಡದಾಗಿ, ಎಲ್ಲಿರಬೇಕೋ ಅಲ್ಲೇ ಬರೆಯಿರಿ ಅಂದೆ. ತಕ್ಷಣ ಜಗಳ ಶುರುವಾಯಿತು. ಜಾರುಬಂಡೆ ಎಷ್ಟು ಉದ್ದ, ಬೆಂಚು ಎಷ್ಟು ಎತ್ತರ, ಯಾರ ಅಳತೆಗೆ? ಆಗ ತೀರ್ಪು ಕೊಟ್ಟವಳು ಲಾಯರಮ್ಮ. ಹೂವಿನಂಗಡಿಯವರ ದೊಡ್ಡ ಮಗಳು, ಮಾತಿಗೆ ಮಾತು ಕೊಡುತ್ತಾಳೆ ಅಂತ ಎಲ್ಲರೂ ಅವಳನ್ನು ಹಾಗೆ ಕರೆಯುವುದು. ಸೊಂಟದ ಮೇಲೆ ಕೈಯಿಟ್ಟು, "ಎಲ್ಲರಿಗಿಂತ ಚಿಕ್ಕೋನಿಗೆ ಸರಿಹೋದ್ರೆ ಎಲ್ಲರಿಗೂ ಸರಿಹೋಗುತ್ತೆ. ಅವನನ್ನ ಮಲಗಿಸ್ರೋ" ಅಂದಳು.

ಎಲ್ಲರಿಗಿಂತ ಚಿಕ್ಕವನು ನಿನ್ನ ಮಗ. ಏಳು ವರ್ಷವಾಗಿದ್ದರೂ ಐದರವನಂತೆ ಇದ್ದ. ಅವನನ್ನು ನೆಲದ ಮೇಲೆ ಮಲಗಿಸಿ, ತಲೆಗೊಂದು ಗೆರೆ, ಕಾಲಿಗೊಂದು ಗೆರೆ. ಆ ದಿನದಿಂದ ಅದೇ ನಮ್ಮ ಅಳತೆ. ಜಾರುಬಂಡೆ ಎರಡೂವರೆ ಗುಬ್ಬಿ ಉದ್ದ. ಸುರಂಗದ ಬಾಯಿ ಅರ್ಧ ಗುಬ್ಬಿ. ಬೆಂಚು ಗುಬ್ಬಿಯ ಮೊಣಕಾಲಿನಷ್ಟು. ಬೇಸರವಿಲ್ಲದೆ ಮಧ್ಯಾಹ್ನವಿಡೀ ಮಲಗಿ ಮಲಗಿ ಎದ್ದ. ಕೊನೆಗೆ ಅಂಗಿ ತಿರುಗಿಸಿ ತೋರಿಸಿ, "ಚಿಕ್ಕಿ, ನನ್ನ ಬೆನ್ನೆಲ್ಲ ಪಾರ್ಕ್ ಆಗಿದೆ" ಅಂದ.

ತಾನಾಗಿ ಅವನು ಕೇಳಿದ್ದು ಒಂದೇ ಒಂದು. ಹಳೆಯ ಕಾಂಪೌಂಡು ಗೋಡೆಯಲ್ಲಿ ಒಂದು ಇಟ್ಟಿಗೆ ಬಿದ್ದುಹೋಗಿತ್ತು. ಹೊಸ ಗೋಡೆಯಲ್ಲೂ ಅಲ್ಲೇ ಒಂದು ಕಿಂಡಿ ಇರಬೇಕು, ತನ್ನ ಕಣ್ಣಿನ ಎತ್ತರಕ್ಕೆ. ಯಾಕೆ ಅಂತ ಹುಡುಗರು ಕೇಳಿದರೆ ಭುಜ ಕುಣಿಸಿದ. ನಾನು ಕೇಳಲಿಲ್ಲ. ದೊಡ್ಡವರು ಕಾರಂಜಿ ಬೇಕೆಂದಾಗ ಯಾಕೆ ಅಂತ ಯಾರೂ ಕೇಳುವುದಿಲ್ಲ, ಮಕ್ಕಳನ್ನು ಮಾತ್ರ ಯಾಕೆ ಕೇಳಬೇಕು?

ಪುರಸಭೆಯ ಇಂಜಿನಿಯರ್ ಮೇಡಂ ಬಂದು ನಮ್ಮ ಅಳತೆಗಳನ್ನು ಬರೆದುಕೊಂಡು ಹೋದರು. ಆಮೇಲೆ ಫೈಲು ಮಲಗಿತು. ಒಬ್ಬ ಅಧಿಕಾರಿಗೆ ವರ್ಗವಾಯಿತು, ಇನ್ನೊಬ್ಬರು ರಜೆ ಹಾಕಿದರು, ನಡುವೆ ಚುನಾವಣೆ ಬಂತು. ಆ ನಡುವೆಯೇ ನೀನು ಬಂದು ಗುಬ್ಬಿಯನ್ನು ಕರೆದುಕೊಂಡು ಹೋದೆ. ಆ ದಿನ ಪ್ರೆಸ್ಸಿನಲ್ಲಿ ಅರ್ಜೆಂಟ್ ಕೆಲಸವಿತ್ತು, ಬಸ್‌ಸ್ಟಾಪಿನವರೆಗೆ ಬರಲಾಗಲಿಲ್ಲ.

ಕಳೆದ ವರ್ಷ ಮಂಜೂರಾಯಿತು. ಆದರೆ ಆಫೀಸಿನವರು ಅಳತೆ ಬದಲಾಯಿಸಲು ಹೊರಟರು. ಬೆಂಚು ಎತ್ತರ ಮಾಡುತ್ತೇವೆ, ಸುರಂಗ ಅಗಲ ಮಾಡುತ್ತೇವೆ, ಕಿಂಡಿಯನ್ನು ಮರ ಕಾಣುವ ಕಡೆಗೆ ಸರಿಸುತ್ತೇವೆ ಅಂದರು. ನಾನು ಬಿಡಲಿಲ್ಲ ಅಕ್ಕ. ಮಕ್ಕಳ ಅಳತೆಯಲ್ಲಿ ಒಂದಿಂಚೂ ಬದಲಾಗಕೂಡದು ಅಂತ ಅರ್ಜಿ ಬರೆದು, ಮನೆಮನೆಗೆ ಹೋಗಿ ಸಹಿ ಹಾಕಿಸಿ, ಆಫೀಸಿನ ಮೆಟ್ಟಿಲ ಮೇಲೆ ಕೂತೆ. ಗೆದ್ದೆವು. ಒಂದಿಂಚೂ ಬದಲಾಗಲಿಲ್ಲ.

ನಿನ್ನೆ ಉದ್ಘಾಟನೆ. ರಿಬ್ಬನ್ ಕತ್ತರಿಸಿದವರು ಮಕ್ಕಳ ಬಗ್ಗೆ ಬಹಳ ಹೊತ್ತು ಮಾತಾಡಿದರು. ಇವತ್ತು ಸಂಜೆ ನಾನು ನಮ್ಮ ಪಟಾಲಂ ಕಟ್ಟಿಕೊಂಡು ಹೋದರೆ ಗೇಟಿನಲ್ಲಿ ಫಲಕ: ಎಂಟು ವರ್ಷದೊಳಗಿನ ಮಕ್ಕಳಿಗೆ ಮಾತ್ರ. ದೊಡ್ಡವರಿಗೆ ಮಗುವಿನ ಜೊತೆ ಮಾತ್ರ ಪ್ರವೇಶ. ಲಾಯರಮ್ಮ ಈಗ ನನ್ನ ಭುಜಕ್ಕೆ ಬರುತ್ತಾಳೆ. ಟೈಲರ್ ಮಗನಿಗೆ ಗಂಟಲು ಒಡೆದಿದೆ. ವಾಚ್‌ಮನ್ ತಾತ ಅವರನ್ನು ಮೇಲಿಂದ ಕೆಳಗೆ ನೋಡಿ, "ಇವರನ್ನ ಬಿಟ್ರೆ ಜಾರುಬಂಡೆ ಇವರ ಜೊತೆಗೇ ಎದ್ದು ಬರುತ್ತೆ" ಅಂದರು. ಇದನ್ನು ಮಾಡಿದವರೇ ಇವರು ಅಂತ ನಾನು ಕೂಗಾಡಿದೆ. ಕೊನೆಗೆ, ಇವರನ್ನು ಬಿಡದಿದ್ದರೆ ನನ್ನನ್ನಾದರೂ ಬಿಡಿ, ಒಳಗೆ ನೋಡಬೇಕು ಅಂದೆ. ಆ ಮುದುಕ ಕೆಟ್ಟವರೇನಲ್ಲ. ತುಂಬ ಮರ್ಯಾದೆಯಿಂದಲೇ ಕೇಳಿದರು.

"ನಿಮ್ಮ ಮಗು ಯಾವುದಮ್ಮ?"

ಮಕ್ಕಳನ್ನು ಕರೆದುಕೊಂಡು ತಿರುಗಿ ಬಂದುಬಿಟ್ಟೆ. ನಾನು, ಅಕ್ಕ.


ಬುಧವಾರ

ಎರಡು ದಿನ ಬಿಟ್ಟು ಮುಂದುವರಿಸುತ್ತಿದ್ದೇನೆ. ಇವತ್ತು ಅರ್ಧ ದಿನ ರಜೆ ಹಾಕಿ ಇಂಜಿನಿಯರ್ ಮೇಡಂ ಹತ್ತಿರ ಹೋಗಿದ್ದೆ. ಪ್ರೆಸ್ಸಿನ ಯಜಮಾನರು, "ಹೋಗು ತಾಯಿ, ನೀನು ಇಲ್ಲಿದ್ರೂ ನಿನ್ನ ತಲೆ ಇಲ್ಲಿರಲ್ಲ" ಅಂತ ಕಳಿಸಿಕೊಟ್ಟರು. ದಾರಿಯುದ್ದಕ್ಕೂ ಭಾಷಣ ತಯಾರು ಮಾಡಿಕೊಂಡು ಹೋಗಿದ್ದೆ. ಮೇಡಂ ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. ಊಟದ ಡಬ್ಬಿ ಮುಚ್ಚಿ, ನನ್ನದೇ ಅರ್ಜಿಯನ್ನು ತೆಗೆದು ಮುಂದಿಟ್ಟರು. ಆ ಅಳತೆಯ ಸುರಂಗದಲ್ಲಿ ದೊಡ್ಡ ಹುಡುಗರು ಸಿಕ್ಕಿಹಾಕಿಕೊಂಡರೆ ಜವಾಬ್ದಾರಿ ಯಾರದು, ಆ ಜಾರುಬಂಡೆಯ ಕಂಬ ಎಷ್ಟು ಭಾರ ತಡೆಯುತ್ತದೆ, ನಿಯಮ ಏನು ಹೇಳುತ್ತದೆ, ಎಲ್ಲವನ್ನೂ ಸಮಾಧಾನವಾಗಿ ವಿವರಿಸಿದರು. ಅಳತೆ ಬದಲಾಯಿಸಿದ್ದರೆ ಆ ಫಲಕವೇ ಬೇಕಿರಲಿಲ್ಲವಂತೆ.

"ಫೈಲು ಮಲಗಿತ್ತು ಮೇಡಂ, ಮಕ್ಕಳು ಬೆಳೀತಿದ್ರು" ಅಂದೆ.

"ನಿಜ. ಆಫೀಸಿನ ತಪ್ಪು, ಒಪ್ಕೋತೀನಿ" ಅಂದರು. ಆಮೇಲೆ ಕನ್ನಡಕ ತೆಗೆದು ನನ್ನನ್ನೇ ನೋಡುತ್ತಾ ಕೇಳಿದರು: "ಆದ್ರೆ ನೀವು ಹೋದ ವರ್ಷ ನಮ್ಮ ಮೆಟ್ಟಿಲ ಮೇಲೆ ಕೂತು ಹಠ ಹಿಡಿದ್ರಲ್ಲ, ಆಗ ಆ ಹುಡುಗ ಬೆಳೆದಿರ್ತಾನೆ ಅಂತ ನಿಮಗೆ ಅನ್ನಿಸ್ಲಿಲ್ವಾ?"

ಅನ್ನಿಸಿರಲಿಲ್ಲ. ಉಳಿದ ಮಕ್ಕಳು ಬೆಳೆಯುವುದನ್ನು ದಿನಾ ನೋಡುತ್ತಿದ್ದೆ. ಟೈಲರ್ ಮಗನ ಪ್ಯಾಂಟು ಗಿಡ್ಡವಾಗುವುದು, ಲಾಯರಮ್ಮ ಎತ್ತರದ ಕಪಾಟಿನಿಂದ ತಾನೇ ಪುಸ್ತಕ ತೆಗೆಯುವುದು, ಎಲ್ಲ ಕಾಣುತ್ತಿತ್ತು. ಆದರೆ ಗುಬ್ಬಿ ಅಂದರೆ ಬೆನ್ನಿಗೆ ಸೀಮೆಸುಣ್ಣ ಮೆತ್ತಿಕೊಂಡ ಆ ಹುಡುಗನೇ. ಅವನು ಬದಲಾಗುತ್ತಾನೆ ಅಂತ ನನಗೆ ಹೊಳೆದೇ ಇರಲಿಲ್ಲ.

ಎದ್ದು ಬರುವಾಗ ಮೇಡಂ ಕರೆದು ಒಂದು ಮಾತು ಹೇಳಿದರು. ನೀರಿನ ಟ್ಯಾಂಕಿನ ಹಿಂದೆ ಒಂದು ಪಟ್ಟಿ ಜಾಗ ಪಾಳು ಬಿದ್ದಿದೆ. ಸೋಮವಾರ ಬೆಳಿಗ್ಗೆ ಸಮಿತಿಯ ಸಭೆ. ಅಷ್ಟರೊಳಗೆ ಮಕ್ಕಳೇ ಮಾಡಿದ ನಕ್ಷೆ ಬಂದರೆ ಮುಂದಿಡುತ್ತಾರಂತೆ, ಇಲ್ಲದಿದ್ದರೆ ಅದು ಗಾಡಿ ನಿಲ್ಲಿಸುವ ಜಾಗವಾಗುತ್ತದೆ. "ಈ ಸಲ ಸ್ವಲ್ಪ ಮುಂದೆ ನೋಡಿ ಅಳೀರಿ" ಅಂದರು.

ಸಂಜೆ ಪಾರ್ಕಿನ ಗೇಟಿನ ಹೊರಗೆ ಮಕ್ಕಳಿಗೆ ವಿಷಯ ಹೇಳಿದೆ. ಹೋರಾಟ ಮಾಡಿ ಫಲಕ ಕಿತ್ತುಹಾಕೋಣವೇ ಅಂತಲೂ ಕೇಳಿದೆ. ಅವರಿಗೆ ನನ್ನಷ್ಟು ಸಿಟ್ಟೇ ಇರಲಿಲ್ಲ. ಗೇಟಿನ ಸರಳುಗಳ ನಡುವೆ ಇಣುಕಿ, ಆ ಬೆಂಚು ನೋಡು, ಕೂತರೆ ಮಂಡಿ ಕಿವಿಗೆ ಬರುತ್ತದೆ ಅಂತ ನಕ್ಕರು. ಚಿಕ್ಕವರು ಆಡಿಕೊಳ್ಳಲಿ ಬಿಡು, ನಮಗೆ ಟ್ಯಾಂಕಿನ ಹಿಂದಿನ ಜಾಗ ಬೇಕು ಅಂದರು. ಹಾಗಾದರೆ ಈ ಸಲ ಅಳತೆ ಯಾರದು ಅನ್ನುವ ಪ್ರಶ್ನೆ ಬಂತು. ಲಾಯರಮ್ಮ ನನ್ನ ಕಡೆ ತಿರುಗಿದಳು.

"ಅಕ್ಕ, ನೀನು ಮಲಗು."

"ನಾನ್ಯಾಕೆ?"

"ಅವರು ಕಟ್ಟಿ ಮುಗಿಸೋ ಹೊತ್ತಿಗೆ ನಾವೆಲ್ಲ ನಿನ್ನಷ್ಟು ಆಗಿರ್ತೀವಿ."

ನಗಬೇಡ ಅಕ್ಕ, ಮಲಗಿದೆ. ಪಾರ್ಕಿನ ಗೇಟಿನ ಮುಂದೆ, ರಸ್ತೆಯ ಅಂಚಿನಲ್ಲಿ, ಕೈಚೀಲ ತಲೆಯ ಕೆಳಗಿಟ್ಟುಕೊಂಡು. ಅವರು ಸುತ್ತ ಕೂತು ಗೆರೆ ಎಳೆಯುತ್ತಾ, ಅಕ್ಕನ ಒಂದು ಕಾಲು ಉದ್ದ, ಒಂದು ಗಿಡ್ಡ ಅಂತ ಜಗಳವಾಡಿದರು. ದಾರಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬರು ನಾನು ತಲೆತಿರುಗಿ ಬಿದ್ದೆ ಅಂದುಕೊಂಡು ಬಾಟಲಿಯ ನೀರನ್ನು ಮುಖಕ್ಕೆ ಚಿಮುಕಿಸಿದರು. ಬದುಕಿದ್ದೇನೆ, ಅಳತೆ ನಡೆಯುತ್ತಿದೆ ಅಂದರೆ ಅವರು ಇನ್ನೂ ಗಾಬರಿಯಾದರು. ವಾಚ್‌ಮನ್ ತಾತ ಕುರ್ಚಿ ಹೊರಗೆ ಹಾಕಿಕೊಂಡು ನೋಡಿ ನಕ್ಕರು.

ನಾನು ಎದ್ದು ಧೂಳು ಕೊಡವಿಕೊಳ್ಳುವಾಗ ಟೈಲರ್ ಮಗ ಕೇಳಿದ, "ಗುಬ್ಬಿ ಈಗ ಎಷ್ಟು ಉದ್ದ ಆಗಿದ್ದಾನಕ್ಕ?" ಎಲ್ಲರೂ ನನ್ನ ಮುಖ ನೋಡಿದರು. ಬೆಳೆದಿದ್ದಾನೆ ಕಣೋ ಅಂದೆ.


ಗುರುವಾರ

ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ನೋಡಿದೆ, ಗೇಟಿನ ಮುಂದೆ ನನ್ನ ಗೆರೆ ಹಾಗೇ ಇತ್ತು. ಜನ ಅದನ್ನು ತುಳಿಯದೆ ಸುತ್ತಿಹೋಗುತ್ತಿದ್ದರು. ಸಂಜೆಯ ಹೊತ್ತಿಗೆ ಕಸ ಗುಡಿಸುವವರು ಅಳಿಸಿದ್ದರು, ಒಂದು ಪಾದ ಮಾತ್ರ ಉಳಿದಿತ್ತು.

ಇವತ್ತು ಪಾರ್ಕಿನೊಳಗೆ ಹೋಗಿಬಂದೆ. ಹೇಗೆ ಅಂತೀಯಾ? ಲಾಯರಮ್ಮ ತನ್ನ ನಾಲ್ಕು ವರ್ಷದ ತಂಗಿಯನ್ನು ಎಳೆದುಕೊಂಡು ಬಂದು ನನ್ನ ಕೈಗೆ ಕೊಟ್ಟು, "ಇವಳನ್ನ ಕರ್ಕೊಂಡು ಹೋಗು, ವಾಪಸ್ ಕೊಡೋದು ಮರೀಬೇಡ" ಅಂದಳು. ವಾಚ್‌ಮನ್ ತಾತನಿಗೆ ಗೊತ್ತು ಅದು ನನ್ನದಲ್ಲ ಅಂತ. ಗೊತ್ತಿಲ್ಲದವರಂತೆ ಬಾಗಿಲು ತೆಗೆದರು. ಆ ಪುಟ್ಟಿ ಒಳಗೆ ಕಾಲಿಟ್ಟ ಕೂಡಲೇ ನನ್ನ ಬೆರಳು ಬಿಟ್ಟು ಓಡಿಹೋದಳು.

ಚೆನ್ನಾಗಿದೆ ಅಕ್ಕ. ಯಾರು ಏನೇ ಹೇಳಲಿ, ಚೆನ್ನಾಗಿದೆ. ನನಗೆ ಪರಿಚಯವೇ ಇಲ್ಲದ ಮಕ್ಕಳು, ಆಚೆ ಬೀದಿಯವರಿರಬೇಕು, ಸುರಂಗದ ಈ ಬಾಯಿಯಿಂದ ಹೋಗಿ ಆ ಬಾಯಿಯಿಂದ ಬರುತ್ತಿದ್ದರು. ಯಾರ ತಲೆಯೂ ತಾಗುವುದಿಲ್ಲ. ಬೆಂಚಿನ ಮೇಲೆ ಕೂತವರ ಪಾದ ಸರಿಯಾಗಿ ನೆಲ ಮುಟ್ಟುತ್ತದೆ, ಊರಿನ ಯಾವ ಬೆಂಚಿನಲ್ಲೂ ಮಕ್ಕಳ ಕಾಲು ನೆಲಕ್ಕೆ ಸಿಗುವುದಿಲ್ಲ, ನೀನೇ ನೋಡಿದ್ದೀಯ. ಜಾರುಬಂಡೆ, ಮೆಟ್ಟಿಲು, ನಲ್ಲಿ, ಎಲ್ಲವೂ ನಮ್ಮ ಗುಬ್ಬಿಯ ಅಳತೆ. ಇದರಲ್ಲಿ ನಾನು ಸೋತೆ ಅಂತ ಮೇಡಂ ತಿಳಿದರೆ ತಿಳಿಯಲಿ, ನಾನು ಒಪ್ಪುವುದಿಲ್ಲ. ಆದರೆ ಅಷ್ಟು ಮಕ್ಕಳ ನಡುವೆ ಎಲ್ಲಿ ಕೂರಬೇಕು ಅಂತ ನನಗೆ ತಿಳಿಯಲಿಲ್ಲ. ಆ ಬೆಂಚಿನ ಮೇಲೆ ಮಂಡಿ ಮಡಚಿಕೊಂಡು ಸ್ವಲ್ಪ ಹೊತ್ತು ಕೂತಿದ್ದು, ಪುಟ್ಟಿಯನ್ನು ಹುಡುಕಿ ಅವಳ ಅಕ್ಕನಿಗೆ ಒಪ್ಪಿಸಿ ಬಂದೆ.

ಈಗ ಕೆಲಸದ ಮಾತು. ಭಾನುವಾರ ಮಕ್ಕಳು ಟ್ಯಾಂಕಿನ ಹಿಂದೆ ಹೊಸ ನಕ್ಷೆ ಬರೆಯುತ್ತಾರೆ. ಗುಬ್ಬಿ ಬರಲೇಬೇಕು ಅಂತ ಎಲ್ಲರ ಹಠ. ಇಡೀ ಪಾರ್ಕಿಗೆ ಅಳತೆಯಾದವನು ಅದನ್ನು ಕಣ್ಣಿಂದಲೂ ನೋಡಿಲ್ಲ, ಇದೂ ಒಂದು ಅನ್ಯಾಯವೇ. ಲಾಂಡ್ರಿಯಲ್ಲಿ ರಜೆ ಕೊಡುವುದಿಲ್ಲ ಅಂದರೆ ಪಾಳಿ ಬದಲಾಯಿಸಿಕೋ. ನೀನು ಒಂದೊಂದೇ ಕಾರಣ ಬರೆದು ಇಲ್ಲಿಗೆ ಬರುವುದನ್ನು ಮೂರು ವರ್ಷ ಮುಂದೂಡಿದ್ದೀಯ. ನಾನೂ ಬಾ ಅಂತ ಸರಿಯಾಗಿ ಕರೆದಿರಲಿಲ್ಲ. ಈಗ ಕರೆಯುತ್ತಿದ್ದೇನೆ. ಅಂಚೆಗೆ ಹಾಕಿದರೆ ಸಮಯಕ್ಕೆ ತಲುಪುವುದಿಲ್ಲ, ಆದ್ದರಿಂದ ನಾಳೆ ಮೊದಲ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಡುತ್ತೇನೆ. ಆಸ್ಪತ್ರೆಯ ಗೇಟಿನಲ್ಲಿ ಕೊಡುತ್ತೇನೆ ಅಂದಿದ್ದಾನೆ.

ಕೈಗೆ ಎಣ್ಣೆ ಹಚ್ಚಿಕೋ. ಗುಬ್ಬಿಗೆ ನನ್ನ ಆಶೀರ್ವಾದ ಹೇಳು. ದೊಡ್ಡ ಹುಡುಗನಾಗಿ ಅದಕ್ಕೆಲ್ಲ ನಕ್ಕರೆ, ಚಿಕ್ಕಿ ಬರೀ ನಿನ್ನ ಕ್ಷೇಮ ಕೇಳಿದಳು ಅಂತ ಹೇಳು. ನೀನು ದೊಡ್ಡವಳು, ನಿನಗೆ ನನ್ನ ನಮಸ್ಕಾರ. ನನ್ನ ತಲೆ ಮೇಲೆ ನಿನ್ನ ಕೈಯಿರಲಿ, ಗಟ್ಟಿಯಾಗಿ ಒತ್ತಬೇಡ.

ನಿನ್ನ ತಂಗಿ


ಮರೆತದ್ದು:

ಮರೆತಿರಲಿಲ್ಲ, ಬರೆಯುವುದೋ ಬೇಡವೋ ಅಂತ ಬಿಟ್ಟಿದ್ದೆ. ಪಾರ್ಕಿನ ಗೋಡೆಯ ಆ ಕಿಂಡಿ. ಇವತ್ತು ಮೊದಲು ಅದರ ಪಕ್ಕ ತುದಿಗಾಲಲ್ಲಿ ನಿಂತು ಗೋಡೆಯ ಮೇಲಿಂದ ಇಣುಕಿದೆ. ಪ್ರೆಸ್ಸಿನ ಬೋರ್ಡು, ಔಷಧಿ ಅಂಗಡಿ, ದೊಡ್ಡ ಮರ, ಎಲ್ಲ ಕಂಡಿತು. ಇದನ್ನು ನೋಡಲು ಇಷ್ಟು ಹಠ ಯಾಕೆ ಅನ್ನಿಸಿತು. ಆಮೇಲೆ ನಿಜವಾಗಿ ಅವನ ಎತ್ತರಕ್ಕೆ ಬರಬೇಕು ಅಂತ ಮೊಣಕಾಲೂರಿ ಕೂತು ಕಿಂಡಿಗೆ ಕಣ್ಣಿಟ್ಟೆ. ಅಲ್ಲಿಂದ ಬೋರ್ಡಿಲ್ಲ, ಮರವಿಲ್ಲ. ಎದುರಿನ ಅಂಗಡಿಯ ತಗಡಿನ ಚಪ್ಪರ ಮೇಲಿನದನ್ನೆಲ್ಲ ಮುಚ್ಚುತ್ತದೆ. ಅದರ ಕೆಳಗೆ ಕಾಣುವುದು ಬಸ್‌ಸ್ಟಾಪ್ ಒಂದೇ. ಬಸ್ಸು ನಿಂತಾಗ ಇಳಿಯುವವರ ಕಾಲು ಕಾಣುತ್ತದೆ, ಆಮೇಲೆ ಅವರ ಚೀಲ, ಆಮೇಲೆ ಮುಖ.

ನೀನು ಇರುತ್ತಿದ್ದ ಕೆಲಸದವರ ಹಾಸ್ಟೆಲಿನಲ್ಲಿ ಮಕ್ಕಳನ್ನು ಸೇರಿಸುತ್ತಿರಲಿಲ್ಲ ಅಂತ ಎರಡು ವರ್ಷದ ಮಗುವನ್ನು ನನ್ನ ಹತ್ತಿರ ಬಿಟ್ಟೆ. ಐದು ವರ್ಷ ಅವನು ನನ್ನ ಜೊತೆ ಉಂಡ, ನನ್ನ ಪಕ್ಕದಲ್ಲಿ ಮಲಗಿದ. ದಿನಾ ಸಂಜೆ ಆಡಿ ಬರ್ತೀನಿ ಚಿಕ್ಕಿ ಅಂತ ಆ ಖಾಲಿ ಜಾಗಕ್ಕೆ ಓಡುತ್ತಿದ್ದ. ಆಡುತ್ತಿದ್ದಾನೆ ಅಂದುಕೊಂಡು ನಾನು ಅಡುಗೆ ಮಾಡುತ್ತಿದ್ದೆ. ಅವನು ಆ ಬಿದ್ದ ಇಟ್ಟಿಗೆಯ ಸಂದಿನಲ್ಲಿ ಕಣ್ಣಿಟ್ಟುಕೊಂಡು ನಿನ್ನನ್ನು ಕಾಯುತ್ತಿದ್ದ ಅಕ್ಕ. ನನಗೆ ಒಂದು ದಿನವೂ ಹೇಳಲಿಲ್ಲ. ನನಗೆ ಬೇಜಾರಾಗುತ್ತದೆ ಅಂತ ಅವನಿಗೆ ಗೊತ್ತಿತ್ತೋ ಏನೋ.

ಇದನ್ನು ನಾನು ಇಟ್ಟುಕೊಳ್ಳುವಂತಿಲ್ಲ. ಇದು ನಿನ್ನದು.

ಅವನು ಈಗ ಎಷ್ಟು ಎತ್ತರ ಇದ್ದಾನೆ ಅಂತ ನನಗೆ ಗೊತ್ತಿಲ್ಲ. ಬರೆದು ತಿಳಿಸಬೇಡ. ಭಾನುವಾರ ಮಧ್ಯಾಹ್ನ ಮೂರೂವರೆಯ ಬಸ್ಸಿಗೆ ಕರೆದುಕೊಂಡು ಬಾ. ಈ ಸಲ ಸ್ಟಾಪಿನಲ್ಲಿ ನಾನು ನಿಂತಿರುತ್ತೇನೆ.